ಕುದುರೆಯ ಮೇವಿನ ಲೆಕ್ಕ

ಬೆಂಗಳೂರಿನ ಪಶ್ಚಿಮಕ್ಕೆ, ನಾನು ವಾಸವಾಗಿರುವ ಬಡಾವಣೆಗೆ ವಿಜಯನಗರವೆಂದು ಹೆಸರು. ಅದಕ್ಕೆ ಅಂಟಿಕೊಂಡೇ ಹಂಪಿನಗರವಿದೆ. ಹೆಸರಿಟ್ಟವರ ಅಭಿಮಾನ ಮೆಚ್ಚತಕ್ಕದ್ದು. ಮೂಲ ವಿಜಯನಗರವನ್ನು ಕಣ್ಣಾರೆ ಕಂಡ ಪರದೇಶದವರು ಮತ್ತೆ ಮತ್ತೆ ಬರೆದಿಟ್ಟದ್ದು ಅಲ್ಲಿಯ ಕುದುರೆಗಳ ವಿಷಯವನ್ನು. ನಮ್ಮ ಬೀದಿಗಳಲ್ಲಾದರೋ ಈಗ ಕುದುರೆ ಕಾಣಿಸುವುದು ಮದುವೆಯ ಮೆರವಣಿಗೆಯಲ್ಲಿ ಮಾತ್ರ. ಮದುಮಗನನ್ನು ಹೊತ್ತು ಬ್ಯಾಂಡಿನ ಹಿಂದೆ ಬರುವ ಆ ಬಾಡಿಗೆಯ ಬಿಳಿ ಕುದುರೆಯನ್ನು ಕಂಡಾಗಲೆಲ್ಲ ನನ್ನ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಇದಕ್ಕೆ ಮೇವು ಹಾಕುವವರು ಯಾರು? ಈ ಅಲ್ಪ ಪ್ರಶ್ನೆಯನ್ನು ಇತಿಹಾಸದ ಮುಂದೆ ಇಟ್ಟರೆ ಅದು ಅಲ್ಪವಾಗಿ ಉಳಿಯುವುದಿಲ್ಲ. ನಮ್ಮ ರಾಜರು ಕುದುರೆಗೆ ಏನು ಕೊಟ್ಟರು ಎಂಬುದನ್ನು ಬಲ್ಲೆವು. ಕೊಂಡ ಮೇಲೆ ಅದನ್ನು ಕಟ್ಟಿ ಸಾಕಿದ, ಪಳಗಿಸಿದ ಖರ್ಚು ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು ಅಷ್ಟಾಗಿ ವಿಚಾರಿಸಿಲ್ಲ.

ಕುದುರೆ ಹುಲ್ಲುಗಾವಲಿನ ಪ್ರಾಣಿ. ಮಧ್ಯ ಏಷ್ಯದ ಬಯಲಿನಲ್ಲಿ ಅದನ್ನು ಬಿಟ್ಟರೆ ತಾನೇ ಮೇಯುತ್ತದೆ, ತಾನೇ ಸಂತತಿಯನ್ನು ಬೆಳೆಸುತ್ತದೆ. ಒಡೆಯನಿಗೆ ಅದರ ಊಟದ ಲೆಕ್ಕವೇ ಬೇಕಿಲ್ಲ. ದಕ್ಷಿಣದ ಮಾತು ಬೇರೆ. ಮಳೆಗಾಲದ ತೇವ, ಬೇಸಗೆಯ ಬಿಸಿಲು, ಸತ್ತ್ವ ಕಡಮೆಯಾದ ಹುಲ್ಲು ಇವುಗಳ ನಡುವೆ ಅರಬ್ಬಿ ಕುದುರೆ ಬದುಕಬೇಕಾದರೆ ಬೇಯಿಸಿದ ಕಾಳು ಬೇಕು, ಮೈ ತಿಕ್ಕುವ ಆಳು ಬೇಕು, ಲಾಳ ಕಟ್ಟುವವನು ಬೇಕು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡಿಗೆ ಬಂದಿದ್ದ ಮಾರ್ಕೊ ಪೋಲೊ, ಅಲ್ಲಿಯ ಅರಸನು ವರ್ಷಕ್ಕೆ 2,000ಕ್ಕೂ ಹೆಚ್ಚು ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ವರ್ಷ ತುಂಬುವುದರೊಳಗೆ ಅವುಗಳಲ್ಲಿ ನೂರು ಉಳಿದರೆ ಹೆಚ್ಚೆಂದೂ ಬರೆದಿದ್ದಾನೆ. ಕಾರಣವನ್ನೂ ಅವನೇ ಹೇಳುತ್ತಾನೆ: ಆರೈಕೆ ಬಲ್ಲವರಿಲ್ಲ, ಮಾರುವ ಹೊರಗಿನ ವರ್ತಕರು ಅಶ್ವವೈದ್ಯರನ್ನು ಇತ್ತ ಬರಗೊಡುವುದೂ ಇಲ್ಲ, ಕುದುರೆ ಸತ್ತಷ್ಟೂ ಅವರಿಗೆ ವ್ಯಾಪಾರ. ಇದರಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಇದ್ದೀತು. ವ್ಯಾಪಾರದ ಮರ್ಮವಂತೂ ಸರಿಯಾಗಿಯೇ ಇದೆ.

ಆರೈಕೆಯ ಶಾಸ್ತ್ರ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗೆಂದೇ ಒಂದು ಪ್ರಕರಣವಿದೆ. ಉತ್ತಮ ಕುದುರೆಗೆ ದಿನಕ್ಕೆ ಎರಡು ದ್ರೋಣ ಧಾನ್ಯ, ಒಂದು ಪ್ರಸ್ಥ ಎಣ್ಣೆ ಅಥವಾ ತುಪ್ಪ, ಐದು ಪಲ ಉಪ್ಪು, ಐವತ್ತು ಪಲ ಮಾಂಸ. ಇಷ್ಟರ ಮೇಲೆ ಸಕ್ಕರೆ ಬೆರೆಸಿದ ಒಂದು ಪ್ರಸ್ಥ ಸುರೆ, ಅದಿಲ್ಲವಾದರೆ ಅದರ ಎರಡರಷ್ಟು ಹಾಲು. (ಇಂಥ ಭೋಜನ ಕೆಲವು ಮಂತ್ರಿಗಳಿಗಾದರೂ ಸಿಗುತ್ತಿತ್ತೋ ಇಲ್ಲವೋ.) ಹುಲ್ಲು ತರುವವನು, ಮೇವು ಬೇಯಿಸುವವನು, ಲಾಯ ಕಾಯುವವನು, ಕೂದಲು ಕತ್ತರಿಸುವವನು, ವಿಷಕ್ಕೆ ಮದ್ದು ಬಲ್ಲವನು ಎಂದು ಪರಿವಾರದ ಪಟ್ಟಿ ಬೆಳೆಯುತ್ತದೆ, ಕೆಲಸದಲ್ಲಿ ತಪ್ಪಿದರೆ ಆ ದಿನದ ಸಂಬಳ ಕಡಿತ. ಅದೇ ಗ್ರಂಥದ ವೇತನಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕುದುರೆಯನ್ನು ಪಳಗಿಸುವ ಅಶ್ವದಮಕನಿಗೆ 2,000 ಪಣ. ಸೈನ್ಯದ ವೈದ್ಯನಿಗೂ ಅಷ್ಟೇ. ಪ್ರಾಣಿಗಳ ಪರಿಚಾರಕನಿಗೆ 60 ಪಣ. ಪಳಗಿಸುವ ವಿದ್ಯೆಗೂ ಮೈತಿಕ್ಕುವ ದುಡಿಮೆಗೂ ನಡುವಣ ಅಂತರ ಮೂವತ್ತಮೂರು ಪಟ್ಟು.

ಕನ್ನಡನಾಡಿನಲ್ಲಿಯೂ ಈ ವಿದ್ಯೆಗೆ ಗೌರವವಿತ್ತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಾಜಿವಾಹ್ಯಾಳಿಗೆ, ಎಂದರೆ ಕುದುರೆ ಏರಿ ಚೆಂಡಾಡುವ ವಿನೋದಕ್ಕೆ, ವಿಸ್ತಾರವಾದ ಸ್ಥಳವಿದೆ. ಕನ್ನಡದಲ್ಲಿ ಅಭಿನವಚಂದ್ರ ಸುಮಾರು 1400ರಲ್ಲಿ ಅಶ್ವವೈದ್ಯವನ್ನು ಬರೆದ. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನ ಹಯಸಾರಸಮುಚ್ಚಯ ಬಂತು. ಸಾಹಿತ್ಯಚರಿತ್ರೆಯ ತರಗತಿಯಲ್ಲಿ ನಾವು ಇಂಥ ಕೃತಿಗಳನ್ನು ‘ಶಾಸ್ತ್ರಗ್ರಂಥಗಳು’ ಎಂಬ ತಲೆಬರಹದ ಕೆಳಗೆ ಎರಡು ಸಾಲಿನಲ್ಲಿ ಮುಗಿಸುವುದು ವಾಡಿಕೆ. ನನಗೆ ಅದು ಅನ್ಯಾಯವೆಂದು ತೋರುತ್ತದೆ. ಸಾವಿರಾರು ಹೊನ್ನು ಸುರಿದು ತಂದ ಪ್ರಾಣಿ ಲಾಯದಲ್ಲಿ ಸಾಯದಿರಲಿ ಎಂಬ ಆತಂಕ ಒಂದು ರಾಜ್ಯದ ಆತಂಕವಾಗಿತ್ತು. ಆ ಪುಸ್ತಕಗಳು ಹುಟ್ಟಿದ್ದು ಅದರಿಂದ.

ಇನ್ನು ವಿಜಯನಗರಕ್ಕೆ ಬರೋಣ. ಈ ಲೆಕ್ಕ ಅಲ್ಲಿ ಸಿಗುವಷ್ಟು ತುಂಬಾಗಿ ಬೇರೆಲ್ಲಿಯೂ ಸಿಗದು. ಅದಕ್ಕಾಗಿ ನಾವು ಪೋರ್ಚುಗೀಸರಿಗೆ ಋಣಿಗಳು. ಹದಿನಾರನೆಯ ಶತಮಾನದ ಆರಂಭದಲ್ಲಿ ಬರೆದ ದುವಾರ್ತೆ ಬಾರ್ಬೋಸ, ಒಂದು ಕುದುರೆಗೆ ಸಾಮಾನ್ಯವಾಗಿ 400ರಿಂದ 600 ಕ್ರುಸಾದೊ ಬೆಲೆಯೆಂದೂ ಅರಸನಿಗೆಂದು ಆರಿಸಿದವು 900, 1,000ದವರೆಗೆ ಹೋಗುತ್ತವೆಂದೂ ಹೇಳುತ್ತಾನೆ. ಈ ನಾಡಿನಲ್ಲಿ ಅವು ಹೆಚ್ಚು ಕಾಲ ಬಾಳವು ಎಂಬ ಮಾತನ್ನೂ ಸೇರಿಸುತ್ತಾನೆ. ಅರಸನು ರಾವುತನಿಗೆ ಏರಲು ಕುದುರೆ, ಅದನ್ನು ನೋಡಿಕೊಳ್ಳಲು ಒಬ್ಬ ಆಳು, ತಿಂಗಳಿಗೆ ನಾಲ್ಕೈದು ವರಹ ಕೊಡುತ್ತಿದ್ದ. ಕುದುರೆಗೂ ಆಳಿಗೂ ದಿನದ ಆಹಾರ ಅರಮನೆಯ ದೊಡ್ಡ ಅಡುಗೆಮನೆಯಿಂದ ಹೋಗುತ್ತಿತ್ತು. ಆನೆ ಕುದುರೆಗಳಿಗಾಗಿಯೇ ಇದ್ದ ಆ ಅಡುಗೆಮನೆಯಲ್ಲಿ ತಾಮ್ರದ ಹಂಡೆಗಳಲ್ಲಿ ಅನ್ನವೂ ಕಾಳೂ ಬೇಯುತ್ತಿದ್ದವು. ರಾವುತ ತನ್ನ ಕುದುರೆಯನ್ನು ಚೆನ್ನಾಗಿ ನೋಡಿಕೊಂಡರೆ ಅದನ್ನು ಹಿಂದಕ್ಕೆ ಪಡೆದು ಇನ್ನೂ ಒಳ್ಳೆಯದನ್ನು ಕೊಡುತ್ತಿದ್ದರು. ಅಲಕ್ಷ್ಯ ತೋರಿದರೆ ಕೀಳಾದದ್ದು ಅವನ ಪಾಲಿಗೆ ಬರುತ್ತಿತ್ತು.

ಬಾರ್ಬೋಸನಿಗಿಂತ ಲೆಕ್ಕಪತ್ರದಲ್ಲಿ ಚುರುಕಾದವನು ನುನಿಜ್. ಅಚ್ಯುತದೇವರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಈತ ಸ್ವತಃ ಕುದುರೆ ವ್ಯಾಪಾರಿಯಾಗಿದ್ದನೆಂದು ವಿದ್ವಾಂಸರ ಅಭಿಪ್ರಾಯ. ಅವನ ಬರಹವನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಸಾಳುವ ನರಸಿಂಹನು ಸತ್ತದ್ದಾಗಲಿ ಬದುಕಿದ್ದಾಗಲಿ ಮೂರು ಕುದುರೆಗೆ 1,000 ವರಹದಂತೆ ಕೊಳ್ಳುತ್ತಿದ್ದನಂತೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರಾ ಹಣ. ಒಂದಕ್ಕೆ 333 ವರಹವಾಯಿತು. ತಿಂಗಳಿಗೆ ಐದು ವರಹದ ರಾವುತನ ಐದೂವರೆ ವರ್ಷದ ಸಂಬಳ, ಒಂದು ಬಾಲಕ್ಕೆ! ವರ್ತಕರು ಶತ್ರುವಿನ ರೇವಿಗೆ ಹೋಗದಿರಲಿ ಎಂಬ ರಾಜನೀತಿ ಇದರ ಹಿಂದೆ ಇತ್ತೆಂಬುದು ನಿಜ. ಕೃಷ್ಣದೇವರಾಯನು ಆಮುಕ್ತಮಾಲ್ಯದದಲ್ಲಿ ಹೇಳಿರುವ ನೀತಿಯೂ ಅದೇ. 1547ರಲ್ಲಿ ಗೋವೆಯ ಪೋರ್ಚುಗೀಸರೊಡನೆ ಮಾಡಿಕೊಂಡ ಕರಾರಿನಲ್ಲಿ ವಿಜಯನಗರ ಬೇಡಿ ಪಡೆದದ್ದೂ ಕುದುರೆಗಳ ಏಕಸ್ವಾಮ್ಯವನ್ನೇ.

ಅರಮನೆಯ ಸ್ವಂತ ಪರಿವಾರದಲ್ಲಿ 700ಕ್ಕೆ ಮೇಲ್ಪಟ್ಟ ಕುದುರೆಗಳೂ 400 ಆನೆಗಳೂ ಇದ್ದವೆಂದೂ, ಅವುಗಳಿಗೂ ಅವುಗಳ ಆಳುಗಳಿಗೂ ದಿನವೊಂದಕ್ಕೆ 2,000 ವರಹ ಖರ್ಚೆಂದೂ ನುನಿಜ್ ಬರೆಯುತ್ತಾನೆ. ವರ್ಷಕ್ಕೆ ಏಳು ಲಕ್ಷ ಮೂವತ್ತು ಸಾವಿರ! ಕುದುರೆ ನೋಡಿಕೊಳ್ಳುವ ಆಳುಗಳು 1,600 ಮಂದಿ, ಪಳಗಿಸುವವರು 300 ಮಂದಿ. ಇಷ್ಟು ಹಣ ಬೊಕ್ಕಸದಿಂದ ಬಂತೇ? ನುನಿಜನ ಬರಹದ ಅತ್ಯಂತ ಬೆಲೆಯುಳ್ಳ ವಾಕ್ಯಗಳು, ನನ್ನ ಮಟ್ಟಿಗೆ, ಇಲ್ಲಿವೆ. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಾನೆ. ಉತ್ತಮವಾದವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ನಾಡತಳಿಯವನ್ನು ಐದಕ್ಕೆ 1,000 ವರಹದಂತೆ ತನ್ನ ನಾಯಕರಿಗೆ ಮಾರುತ್ತಾನೆ. ಅವರು ಸೆಪ್ಟೆಂಬರಿನೊಳಗೆ ಹಣ ಕಟ್ಟಬೇಕು. ಆ ಹಣದಿಂದ ಪೋರ್ಚುಗೀಸರ ಅರಬ್ಬಿ ಕುದುರೆಗಳ ಬಾಕಿ ತೀರುತ್ತದೆ. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗುವುದಿಲ್ಲ.

ಸೆಪ್ಟೆಂಬರು ಮಹಾನವಮಿಯ ತಿಂಗಳು. ನಾಯಕರು ತಮ್ಮ ಕಪ್ಪವನ್ನು ಒಪ್ಪಿಸುತ್ತಿದ್ದದ್ದೂ ಆ ಒಂಬತ್ತು ದಿನಗಳಲ್ಲಿಯೇ. ಪಾಯೆಸ್ ಕಣ್ತುಂಬ ನೋಡಿ ವರ್ಣಿಸಿದ ಮಹಾನವಮಿಯ ಅಶ್ವವೈಭವವನ್ನು ನಾವು ಹೆಮ್ಮೆಯಿಂದ ಓದುತ್ತೇವೆ; ಅದೇ ದಿಬ್ಬದ ಸುತ್ತ ಆ ಕುದುರೆಗಳ ಸಾಲವೂ ತೀರುತ್ತಿತ್ತೆಂಬುದನ್ನು ಒಟ್ಟಿಗೆ ಓದುವುದಿಲ್ಲ. ನಾಯಕರು ಆ ಹಣವನ್ನು ಎಲ್ಲಿಂದ ತಂದರು? ಉಳುವವರು ಬೆಳೆಯ ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯರಿಗೆ ಕೊಡುತ್ತಿದ್ದರೆಂದು ನುನಿಜನೇ ಹೇಳುತ್ತಾನೆ. ಈ ಅಂಕಿಯನ್ನು ಇತಿಹಾಸಕಾರರು ಅಕ್ಷರಶಃ ಒಪ್ಪುವುದಿಲ್ಲ, ನಾನೂ ಒಪ್ಪಲಾರೆ. ಹೊರೆ ಇಳಿದ ದಾರಿ ಮಾತ್ರ ಸ್ಪಷ್ಟವಾಗಿದೆ: ಗೋವೆ ಭಟ್ಕಳಗಳ ರೇವಿನಿಂದ ಅರಮನೆಗೆ, ಅರಮನೆಯಿಂದ ನಾಯಕನಿಗೆ, ನಾಯಕನಿಂದ ರೈತನ ಕಣಕ್ಕೆ.

ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲುಗಳಿವೆ. ಅಲ್ಲಿಗೆ ಹೋದವರು ಒಂದು ಕ್ಷಣ ಕುದುರೆಗಳ ಸಾಲಿನ ಮುಂದೆ ನಿಲ್ಲಬೇಕೆಂದು ನನ್ನ ಕೋರಿಕೆ. ಅವುಗಳನ್ನು ಹಿಡಿದು ನಡೆಸುವ ಆಳುಗಳನ್ನು ಶಿಲ್ಪಿ ಮರೆತಿಲ್ಲ. ನುನಿಜ್ ಎಣಿಸಿದ 1,600 ಮಂದಿಯ ಮುಖ ನಮಗೆ ಸಿಗುವುದಾದರೆ ಇಂಥ ಗೋಡೆಗಳ ಮೇಲೆ.

ಕುದುರೆ ಸಾಕುವ ಇನ್ನೊಂದು ದಾರಿ ನಮ್ಮ ಉತ್ತರದ ಗಡಿಯಲ್ಲಿತ್ತು. ಭೀಮಾ ನದಿಯ ಬಯಲಿನ ಗಿಡ್ಡ ಕುದುರೆಗೆ ಭೀಮಾತಡಿ ಎಂದು ಹೆಸರು. ತಡಿ ಎಂಬ ಮಾತು ನಮಗೂ ಮರಾಠಿಗರಿಗೂ ಸಮಾನ. ನೋಡಲು ಅರಬ್ಬಿಯ ಅಂದವಿಲ್ಲ. ಆದರೆ ಸಿಕ್ಕಿದ ಹುಲ್ಲಿನಲ್ಲಿ ಬದುಕಿ ಬೆಟ್ಟ ಹತ್ತಬಲ್ಲದು. ಬೆಂಗಳೂರನ್ನು ಜಹಗೀರಾಗಿ ಪಡೆದು ಇಲ್ಲಿ ನೆಲಸಿದ್ದ ಶಹಾಜಿಯ ಮಗ ಶಿವಾಜಿ, ತನ್ನ ಅಶ್ವಸೈನ್ಯವನ್ನು ಎರಡು ಬಗೆಯಾಗಿ ಕಟ್ಟಿದ. ಸರಕಾರದ ಕುದುರೆ ಏರುವವನು ಬಾರಗೀರ, ತನ್ನದೇ ಕುದುರೆ ತರುವವನು ಶಿಲೇದಾರ. ಇಪ್ಪತ್ತೈದು ಕುದುರೆಗಳಿಗೆ ಒಬ್ಬ ನೀರಿನವನು, ಒಬ್ಬ ನಾಲಬಂದ. ಗ್ರಾಂಟ್ ಡಫ್ ಕೊಡುವ ದರದಂತೆ ಬಾರಗೀರನಿಗೆ ತಿಂಗಳಿಗೆ 2ರಿಂದ 5 ಹೊನ್ನು, ಶಿಲೇದಾರನಿಗೆ 6ರಿಂದ 12. ಕಳೆದು ನೋಡಿದರೆ ಸಿಗುವ ನಾಲ್ಕರಿಂದ ಏಳು ಹೊನ್ನು ಆ ಕಾಲದ ಸರಕಾರ ಒಂದು ಕುದುರೆಯ ತಿಂಗಳ ವಾಸಕ್ಕೂ ಅದು ಸಾಯಬಹುದಾದ ನಷ್ಟಕ್ಕೂ ಕಟ್ಟಿದ ಬೆಲೆ. ಇದರಲ್ಲೊಂದು ತೊಡಕಿತ್ತು. ಕುದುರೆ ಸತ್ತರೆ ಶಿಲೇದಾರನ ಜೀವನವೇ ಹೋಯಿತು. ಆದುದರಿಂದ ಅವನು ಕಾಳಗದ ಕಾವಿನಲ್ಲಿ ಮುನ್ನುಗ್ಗಲು ಹಿಂಜರಿಯುತ್ತಿದ್ದನೆಂಬ ದೂರು ಬಹುಕಾಲ ಕೇಳಿಬಂತು. ಅದನ್ನು ಹೇಡಿತನವೆನ್ನಲು ನನಗೆ ಮನಸ್ಸಿಲ್ಲ.

ಹೈದರನ ಸೈನ್ಯದಲ್ಲಿಯೂ ಈ ಎರಡು ಬಗೆಯ ಸವಾರರಿದ್ದರು. ಟಿಪ್ಪುವಿನ ಪತನದ ಬಳಿಕ ಬ್ರಿಟಿಷರು ಈ ವೆಚ್ಚವನ್ನು ಜಾಣತನದಿಂದ ಮೈಸೂರಿಗೇ ಬಿಟ್ಟರು: 1807ರ ಒಪ್ಪಂದದಂತೆ 4,000 ಕುದುರೆಸವಾರರನ್ನು ಸಾಕುವುದು ಅರಸರ ಹೊಣೆ, ಯುದ್ಧಕ್ಕೆ ಕರೆಯುವುದು ಕಂಪನಿಯ ಹಕ್ಕು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೆ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರುಗಳು ಆ ಪರಂಪರೆಯ ಕೊನೆಯ ಕುಡಿಗಳು. ಟಿಪ್ಪುವಿನ ಕಾಲದ್ದೆನ್ನಲಾದ ಕುಣಿಗಲ್ಲಿನ ಕುದುರೆ ಫಾರಂ ಮುಂದೆ ಪಂದ್ಯದ ಕುದುರೆಗಳ ಕಡೆಗೆ ತಿರುಗಿತು. ಬೆಂಗಳೂರಿನ ಹೈಗ್ರೌಂಡ್ಸಿನಲ್ಲಿ ಕುದುರೆಯ ಮಾಲೀಕರು ತಿಂಗಳು ತಿಂಗಳು ತರಬೇತುದಾರನಿಗೆ ಶುಲ್ಕ ಕಟ್ಟಿ, ಪಂದ್ಯದ ದಿನ ಬಂದು ನೋಡುವ ಪದ್ಧತಿ ಬೆಳೆಯಿತು. ಅರ್ಥಶಾಸ್ತ್ರದ ಅಶ್ವದಮಕನೂ ಪರಿಚಾರಕನೂ ಅಲ್ಲಿ ಹೊಸ ಹೆಸರಿನಲ್ಲಿ ಬಂದು ನಿಂತರು.

ಈ ಎಲ್ಲ ಪ್ರಾಂತಗಳ ಲೆಕ್ಕದಲ್ಲಿ ನಮ್ಮ ನೆಲದ ಕಾಣಿಕೆ ಒಂದಿದೆ: ಹುರುಳಿ. ಉತ್ತರದಲ್ಲಿ ಕಡಲೆ ತಿಂದ ಬ್ರಿಟಿಷರ ಕುದುರೆ ಮದರಾಸು ಸೀಮೆಗೆ ಬಂದಾಗ ಬೇಯಿಸಿದ ಹುರುಳಿಗೆ ಒಗ್ಗಿತು. ಇಂಗ್ಲಿಷಿನಲ್ಲಿ ಆ ಕಾಳಿಗೆ ಕುದುರೆಯ ಹೆಸರೇ ಅಂಟಿತು. ಮಳೆ ಕೈಕೊಟ್ಟ ಕೆಂಪು ನೆಲದಲ್ಲಿಯೂ ಬೆಳೆಯುವ ಈ ಕಾಳು ಬಡವರ ಮನೆಯ ಸಾರೂ ಹೌದು, ಕುದುರೆಯ ದಾಣಿಯೂ ಹೌದು. ಬರದ ವರ್ಷ ಇವರಿಬ್ಬರಲ್ಲಿ ಯಾರಿಗೆ ಮೊದಲು ಎಂಬ ಪ್ರಶ್ನೆಗೆ ಲಾಯದವರು ಕೊಟ್ಟಿರಬಹುದಾದ ಉತ್ತರವನ್ನು ಊಹಿಸುವುದು ಕಷ್ಟವಲ್ಲ.

ನಾನು ಕಂಡ ಕೊನೆಯ ಶಿಲೇದಾರ ರಾಜಾಜಿನಗರದ ನಮ್ಮ ಬೀದಿಯ ಜಟಕಾ ಸಾಹೇಬರು. ಕುದುರೆ ಅವರದೇ, ಗಾಡಿಯೂ ಅವರದೇ, ಎರಡರ ಮೇಲಿನ ಸಾಲವೂ ಅವರದೇ. ಸಂಜೆ ಗಾಡಿ ಬಿಚ್ಚಿ, ನೆನೆಸಿದ ಹುರುಳಿಯನ್ನು ಚೀಲದಲ್ಲಿ ಹಾಕಿ ಕುದುರೆಯ ಮೂತಿಗೆ ಕಟ್ಟಿದ ಮೇಲೆಯೇ ಅವರು ತಮ್ಮ ಊಟಕ್ಕೆ ಕೂರುತ್ತಿದ್ದದ್ದು. ಆಟೋರಿಕ್ಷಾಗಳು ಹೆಚ್ಚಿದಾಗ ನಮ್ಮ ತಂದೆ ಅವರನ್ನು, ಇನ್ನೂ ಎಷ್ಟು ದಿನ ಎಂದು ಕೇಳಿದ್ದುಂಟು. “ರಿಕ್ಷಾ ನಿಂತರೆ ಪೆಟ್ರೋಲು ಕೇಳೋಲ್ಲ ಸ್ವಾಮಿ, ಇದು ನಿಂತರೂ ಕೇಳುತ್ತೆ” ಎಂದು ಹೇಳಿ ಅವರು ಕುದುರೆಯ ಕತ್ತು ತಟ್ಟಿದರು. ಆ ವರ್ಷವೇ ಗಾಡಿ ಮಾರಿಹೋಯಿತು. ಕುದುರೆಯನ್ನು ಮಾತ್ರ ಕೊಳ್ಳುವವರು ಬರಲಿಲ್ಲ. ಇನ್ನೂ ಕೆಲವು ತಿಂಗಳು ಅದು ಅದೇ ಗೂಟದಲ್ಲಿ ನಿಂತು ಹುರುಳಿ ತಿನ್ನುತ್ತಿತ್ತು.