ಬೈಸಿಕಲ್ಲಿನ ಮೇಲೆ ಬಸವನಗುಡಿ

ಊರಿನ ಚರಿತ್ರೆಯನ್ನು ತಿಳಿಯಬೇಕಾದರೆ ಗ್ರಂಥಗಳನ್ನು ಓದಬೇಕು, ಶಾಸನಗಳನ್ನು ನೋಡಬೇಕು, ಹಿರಿಯರನ್ನು ಕೇಳಬೇಕು. ಇದೆಲ್ಲ ಸರಿಯೆ. ಆದರೆ ಬೆಂಗಳೂರಿನ ಮಟ್ಟಿಗೆ ಇನ್ನೊಂದು ಸಾಧನವುಂಟು, ಅದು ಬೈಸಿಕಲ್ಲು. ನೀವು ನಗಬಹುದು. ಮೋಟಾರಿನಲ್ಲಿ ಕುಳಿತವನಿಗೆ ನೆಲ ಏರಿತೋ ಇಳಿಯಿತೋ ತಿಳಿಯುವುದಿಲ್ಲ. ನಡೆಯುವವನಿಗೆ ತಿಳಿದರೂ ಒಂದು ಬೆಳಗಿನಲ್ಲಿ ಅವನು ಎಷ್ಟು ದೂರ ಹೋದಾನು? ಬೈಸಿಕಲ್ಲನ್ನು ತುಳಿಯುವವನ ಮೊಣಕಾಲಿಗೆ ಮಾತ್ರ ಊರಿನ ಪ್ರತಿಯೊಂದು ದಿಣ್ಣೆಯೂ ಪ್ರತಿಯೊಂದು ತಗ್ಗೂ ಲೆಕ್ಕಕ್ಕೆ ಸಿಕ್ಕುತ್ತವೆ. ಬೆಂಗಳೂರಿನ ಕಥೆಯೆಂದರೆ ಬಹುಮಟ್ಟಿಗೆ ಈ ದಿಣ್ಣೆ ತಗ್ಗುಗಳ ಕಥೆಯೇ.

ಒಂದು ಭಾನುವಾರ ಬೆಳಿಗ್ಗೆ ಬಿಡುವು ಮಾಡಿಕೊಂಡು ನನ್ನ ಜೊತೆಯಲ್ಲಿ ಬನ್ನಿ. ಲಾಲ್‌ಬಾಗಿನಿಂದ ಕೆಂಪಾಂಬುಧಿ ಕೆರೆಯವರೆಗೆ, ಬಸವನಗುಡಿಯ ಮಧ್ಯೆ ಹಾದು ಹೋಗೋಣ. ದಾರಿ ಉದ್ದವಾದುದಲ್ಲ. ಅವಸರವಿದ್ದವನು ಅರ್ಧ ಗಂಟೆಯಲ್ಲಿ ಮುಗಿಸಿಯಾನು. ನಾವು ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರಿದರೆ ಸಾಕು.

ಲಾಲ್‌ಬಾಗಿನ ಪಶ್ಚಿಮದ ಬಾಗಿಲಲ್ಲಿ ಬೈಸಿಕಲ್ಲನ್ನು ನಿಲ್ಲಿಸಿ ಒಳಗೆ ನಡೆದೇ ಹೋಗಬೇಕು. 1760ರಲ್ಲಿ ಹೈದರಾಲಿ ತೊಡಗಿಸಿದ ತೋಟವಿದು, ಟಿಪ್ಪು ಬೆಳೆಸಿದ, 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. ಗಾಜಿನ ಮನೆಯನ್ನು ಎಲ್ಲರೂ ಬಲ್ಲರು, ಅದನ್ನು ಬಿಡೋಣ. ನಾವು ನೋಡಬೇಕಾದುದು ಬಂಡೆ. ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಈ ಹೆಬ್ಬಂಡೆಯ ನೆತ್ತಿಯಲ್ಲಿ ಒಂದು ಪುಟ್ಟ ಗೋಪುರವಿದೆ. ಕೆಂಪೇಗೌಡರ ಮನೆತನದವರು ಕಟ್ಟಿಸಿದ ನಾಲ್ಕು ಗೋಪುರಗಳಲ್ಲಿ ಇದೊಂದು. ತಂದೆ ಕಟ್ಟಿಸಿದನೋ ಮಗ ಕಟ್ಟಿಸಿದನೋ ಎಂಬಲ್ಲಿ ಭಿನ್ನಾಭಿಪ್ರಾಯವಿದೆ. ಊರು ಈ ಗೋಪುರಗಳವರೆಗೆ ಬೆಳೆಯುವುದೆಂದು ಗೌಡರು ಮುಂಗಂಡು ಕಲ್ಲು ನೆಡಿಸಿದರೆಂಬುದು ಜನಪ್ರಿಯವಾದ ಮಾತು. ನನಗೇಕೋ ಅದು ಆಮೇಲೆ ಕೂಡಿಸಿದ ಕಥೆಯೆನಿಸುತ್ತದೆ. ಮೇಲೆ ಹತ್ತಿ ನಿಂತು ನೋಡಿದವನಿಗೆ ಕಾಣುವ ಕಾರಣ ಸರಳವಾದುದು: ಬರುವವರು ದೂರದಿಂದಲೇ ಕಣ್ಣಿಗೆ ಬೀಳಬೇಕು, ಅದಕ್ಕೆ ದಿಣ್ಣೆ ಬೇಕು. ಬಂಡೆಯಿಂದ ಇಳಿದು ತೋಟದಲ್ಲಿ ಮುಂದೆ ಹೋದರೆ ಕೆರೆ. ದಿಣ್ಣೆಯ ಮೇಲೆ ಗೋಪುರ, ತಗ್ಗಿನಲ್ಲಿ ಕೆರೆ. ಈ ಜೋಡಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ನಮ್ಮ ದಾರಿಯ ಕೊನೆಯಲ್ಲಿ ಇದೇ ಮತ್ತೆ ಎದುರಾಗುತ್ತದೆ.

ಈ ಕೆರೆಯ ಕೋಡಿಯ ನೀರು ಹರಿಯುವುದು ಕೋರಮಂಗಲದ ಕಣಿವೆಗೆ. ಅಲ್ಲಿಂದ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾಯ್ದು ದಕ್ಷಿಣ ಪಿನಾಕಿನಿಗೆ. ಆ ಹೊಳೆ ಕಡಲೂರಿನ ಬಳಿ ಸಮುದ್ರವನ್ನು ಸೇರುತ್ತದೆ.

ಇಲ್ಲಿಂದ ಪಶ್ಚಿಮಕ್ಕೆ ತಿರುಗಿ ಬಸವನಗುಡಿಯ ಕಡೆಗೆ ತುಳಿಯೋಣ. ದಕ್ಷಿಣಕ್ಕೆ ಹೋದರೆ ಜಯನಗರ. 1948ರಲ್ಲಿ ಹುಟ್ಟಿದ ಬಡಾವಣೆಯದು. ಅದರ ಅಶೋಕ ಸ್ತಂಭ, ಅದರ ತೋಪುಗಳು ಇನ್ನೊಂದು ದಿನದ ಸವಾರಿಗೆ ಇರಲಿ. ಗಾಂಧಿ ಬಜಾರಿನತ್ತ ಹೊರಟವನಿಗೆ ಮೊದಮೊದಲು ಏನೂ ತಿಳಿಯದು. ಸ್ವಲ್ಪ ಹೊತ್ತಿಗೆ ಮಾತು ಕಡಿಮೆಯಾಗುತ್ತದೆ, ಉಸಿರು ಹೆಚ್ಚಾಗುತ್ತದೆ. ನೆಲ ಸದ್ದಿಲ್ಲದೆ ಏರುತ್ತಿದೆ. ದಣಿದವರು ಕೃಷ್ಣರಾವ್ ಉದ್ಯಾನದ ಬಳಿ ಇಳಿಯಬಹುದು. ಮೈಸೂರು ಸಂಸ್ಥಾನದಲ್ಲಿ ಹಂಗಾಮಿ ದಿವಾನರಾಗಿದ್ದ ಎಂ. ಎನ್. ಕೃಷ್ಣರಾಯರ ಹೆಸರನ್ನು ಹೊತ್ತ ತೋಟವದು. ಮರದ ನೆರಳಿನ ಕಲ್ಲುಬೆಂಚಿನ ಮೇಲೆ ಕುಳಿತು ಸುತ್ತಲಿನ ಬೀದಿಗಳನ್ನು ನೋಡಿ. ನೂಲು ಹಿಡಿದಂತೆ ನೇರವಾದ ರಸ್ತೆಗಳು, ಅವನ್ನು ಓರೆಯಾಗಿ ಕತ್ತರಿಸುವ ರಸ್ತೆಗಳು, ಮನೆಗಳ ಹಿಂಬದಿಯಲ್ಲಿ ಜಾಡಮಾಲಿಗಳ ಓಡಾಟಕ್ಕೆಂದು ಬಿಟ್ಟ ಓಣಿಗಳು. ಪೇಟೆಯ ಇಕ್ಕಟ್ಟಿಗೆ ಹೆದರಿದವರು ಹಾಕಿದ ನಕ್ಷೆ ಇದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಚಿಕ್ಕಪೇಟೆ, ಬಳೇಪೇಟೆಗಳ ಒತ್ತಿನ ಮನೆಗಳಿಂದ ಜನ ಗಂಟುಮೂಟೆ ಕಟ್ಟಿದರು. ಉತ್ತರದಲ್ಲಿ ಮಲ್ಲೇಶ್ವರವೂ ದಕ್ಷಿಣದಲ್ಲಿ ಬಸವನಗುಡಿಯೂ ತುಂಬತೊಡಗಿದ್ದು ಆ ಭಯದ ದಿನಗಳಲ್ಲಿ. ಇಂದು ನಾವು ಗಾಳಿ ಸೇವನೆಗೆಂದು ಹೋಗುವ ಅಗಲವಾದ ಬೀದಿಗಳನ್ನು ಅಂದಿನವರು ಬಯಸಿದ್ದು ಜೀವ ಉಳಿಸಿಕೊಳ್ಳುವುದಕ್ಕೆ.

ಈ ಬಡಾವಣೆಯೂ ಬೈಸಿಕಲ್ಲೂ ಓರಗೆಯವು. ಎರಡು ಸಮಗಾಲಿಗಳ, ಚೈನು ಹಾಕಿದ ಬೈಸಿಕಲ್ಲನ್ನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಹೊರತಂದದ್ದು 1885ರಲ್ಲಿ. ಡನ್ಲಪ್ ಗಾಳಿ ತುಂಬಿದ ಟೈರನ್ನು ಮಾಡಿದ್ದು 1888ರಲ್ಲಿ. ಕೆಂಪೇಗೌಡರ ಊರಿಗೆ ಕೆಂಪ್ ಎಂಬುವನ ವಾಹನ ಒಗ್ಗಿದ್ದು ಸಹಜವೆಂದು ನಾನು ತರಗತಿಯಲ್ಲಿ ತಮಾಷೆ ಮಾಡುವುದುಂಟು. ಪೇಟೆಯಲ್ಲಿದ್ದವನಿಗೆ ಅಂಗಡಿ, ಕಚೇರಿ, ಗುಡಿ ಎಲ್ಲವೂ ನಡಿಗೆಯ ದೂರ. ಬಡಾವಣೆಗೆ ಬಂದ ಗುಮಾಸ್ತನಿಗೂ ಉಪಾಧ್ಯಾಯನಿಗೂ ವಾಹನ ಬೇಕಾಯಿತು. ನಮ್ಮ ತಂದೆಯವರ ಕಾಲದಲ್ಲಿ ಬೈಸಿಕಲ್ಲಿಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಾಗಿತ್ತು. ಸಂಜೆಯಾದ ಮೇಲೆ ದೀಪವಿಲ್ಲದೆ ಹೊರಟರೆ ಪೊಲೀಸಿನವನು ಹಿಡಿಯುತ್ತಿದ್ದ. ಬೀಡಿ ಹಚ್ಚುವ ನೆವದಲ್ಲಿ ತಿರುವಿನಲ್ಲೇ ಇಳಿದು ನೂಕಿಕೊಂಡು ಹೋಗುವ ಜಾಣರೂ ಇದ್ದರಂತೆ.

ಗಾಂಧಿ ಬಜಾರನ್ನು ದಾಟಿ ಮುಂದೆ ಹೋದರೆ ಕಹಳೆ ಬಂಡೆ. ಬ್ಯೂಗಲ್ ರಾಕ್ ಎಂದರೇ ಹೆಚ್ಚು ಜನಕ್ಕೆ ಗೊತ್ತು. ಅದೂ ಲಾಲ್‌ಬಾಗಿನ ಬಂಡೆಯ ಜಾತಿಯದೇ. ಪಕ್ಕದಲ್ಲಿ ದೊಡ್ಡ ಬಸವಣ್ಣನ ಗುಡಿ. ಇಲ್ಲಿದ್ದ ಹಳ್ಳಿಯ ಹೆಸರು ಸುಂಕೇನಹಳ್ಳಿ. ಇಲ್ಲಿನ ರೈತರ ಕಡಲೆಕಾಯಿಯ ಬೆಳೆಯನ್ನು ಬಸವನೊಂದು ತಿಂದು ಹೋಗುತ್ತಿತ್ತೆಂದೂ ಅದೇ ಕಲ್ಲಾಯಿತೆಂದೂ, ಅದಕ್ಕಾಗಿಯೇ ಕಾರ್ತಿಕದ ಕಡೆಯ ಸೋಮವಾರ ಪರಿಷೆ ನಡೆಯುವುದೆಂದೂ ಕಥೆಯಿದೆ. ಕಡಲೆಕಾಯಿ ಅಮೆರಿಕ ಖಂಡದ ಬೆಳೆ. ಯೂರೋಪಿನವರ ಹಡಗುಗಳು ಬಂದ ಮೇಲೆ ಈ ದೇಶಕ್ಕೆ ಬಂದದ್ದು. 1537ರಲ್ಲಿ ಊರು ಕಟ್ಟಿದ ಕೆಂಪೇಗೌಡರ ಕಾಲಕ್ಕೆ ಸುಂಕೇನಹಳ್ಳಿಯ ಹೊಲದಲ್ಲಿ ಅದು ಇತ್ತೆಂದು ನಂಬುವುದು ಕಷ್ಟ. ಹಾಗೆಂದು ಪರಿಷೆಯಲ್ಲಿ ಎರಡು ಸೇರು ಕಾಯಿ ಕೊಳ್ಳದೆ ಬಂದವನಲ್ಲ ನಾನು.

ಒಮ್ಮೆ ಹತ್ತನೆಯ ತರಗತಿಯ ಏಳೆಂಟು ಹುಡುಗರನ್ನು ಇದೇ ದಾರಿಯಲ್ಲಿ ಕರೆದುಕೊಂಡು ಬಂದಿದ್ದೆ. ಬಂಡೆಯ ಮೇಲೆ ಗಾಳಿಗೆ ಎದೆಯೊಡ್ಡಿ ನಿಂತಿದ್ದ ಒಬ್ಬ ಹುಡುಗ ಕೇಳಿದ: "ಸಾರ್, ಇಲ್ಲಿ ಇಷ್ಟು ಚೆನ್ನಾಗಿದೆಯಲ್ಲ, ಕೆಂಪೇಗೌಡರು ಪೇಟೇನ ಇಲ್ಲೇ ಏಕೆ ಕಟ್ಟಲಿಲ್ಲ?"

ಆಗ ನಾನು ಉತ್ತರ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಹಳೆಯ ಬೆಂಗಳೂರು ಕೆರೆಗಳ ಮಗ್ಗುಲಿನಲ್ಲಿ ಬದುಕಿದ ಊರು. ಧರ್ಮಾಂಬುಧಿ, ಸಂಪಂಗಿ, ಕೆಂಪಾಂಬುಧಿ: ಕುಡಿಯುವುದು, ಬೆಳೆಯುವುದು, ಒಗೆಯುವುದು, ದನ ತೊಳೆಯುವುದು ಎಲ್ಲವೂ ಇಂಥ ಕೆರೆಗಳಿಂದ, ಅವುಗಳ ತೇವದಿಂದ ತುಂಬುವ ಬಾವಿಗಳಿಂದ. ಅಂಬುಧಿಯೆಂದರೆ ಸಮುದ್ರ. ನದಿಯಿಲ್ಲದ ಊರಿನವರು ತಮ್ಮ ಕೆರೆಯನ್ನು ಸಮುದ್ರವೆಂದು ಕರೆದದ್ದು ಬರಿಯ ಅಲಂಕಾರವಲ್ಲ, ಅದರಲ್ಲಿ ಕೃತಜ್ಞತೆಯಿದೆ. 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಅರ್ಕಾವತಿಯ ನೀರು ಕೊಳವೆಗಳಲ್ಲಿ ಊರಿಗೆ ಬಂದಿತು. ಎರಡು ವರ್ಷಕ್ಕೆ ಪ್ಲೇಗು. ಭಯ ಜನರನ್ನು ಪೇಟೆಯಿಂದ ಹೊರಡಿಸಿತು. ದಿಣ್ಣೆಯ ಮೇಲೆ ಇಷ್ಟು ಮನೆಗಳು ನಿಲ್ಲುವಂತೆ ಮಾಡಿದ್ದು ಕೊಳವೆ. ಪ್ಲೇಗಿನ ಮಾತನ್ನು ಎಲ್ಲರೂ ಆಡುತ್ತಾರೆ, ಕೊಳವೆಯ ಮಾತನ್ನು ಆಡುವವರು ಕಡಿಮೆ. ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿಯ ನೀರು ಬಂದವು. ಕೊಳವೆ ದೂರದೂರ ಹೋದಂತೆಲ್ಲ ಹತ್ತಿರದ ಕೆರೆ ಹಂಗಿಲ್ಲದ ನೆಂಟನಾಯಿತು. ಧರ್ಮಾಂಬುಧಿ ಬಸ್ಸುಗಳ ನಿಲ್ದಾಣವಾಯಿತು. ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಬಸವನಗುಡಿಯದೇ ಆದ ಕಾರಂಜಿ ಕೆರೆ ಇಂದು ಉಳಿದಿರುವುದು ಕಾರಂಜಿ ಆಂಜನೇಯನ ಹೆಸರಿನಲ್ಲಿ ಮಾತ್ರ.

ಬಸವಣ್ಣನ ಗುಡಿಯಿರುವ ಈ ಏಣು ನೀರನ್ನು ಎರಡು ಪಾಲು ಮಾಡುತ್ತದೆ. ಇಲ್ಲಿಯವರೆಗೆ ನಾವು ಬಂದದ್ದು ಪಿನಾಕಿನಿಯ ಸೀಮೆ. ಇನ್ನು ಪಶ್ಚಿಮಕ್ಕೆ ಇಳಿದರೆ ಕಾವೇರಿಯ ಸೀಮೆ. ಬಸವನ ಪಾದದಲ್ಲಿ ಹುಟ್ಟುವಳೆಂದು ನಂಬಿಕೆಯಿರುವ ವೃಷಭಾವತಿ ಅರ್ಕಾವತಿಗೂ ಅರ್ಕಾವತಿ ಸಂಗಮದಲ್ಲಿ ಕಾವೇರಿಗೂ ಸೇರುತ್ತವೆ. ವೃಷಭ ಶಬ್ದದ ತದ್ಭವವೇ ಬಸವ ಎಂಬುದು ವ್ಯಾಕರಣ ಓದಿದ ಮಕ್ಕಳಿಗೆಲ್ಲ ಗೊತ್ತು. ಹಾಗಾದರೆ ಬಡಾವಣೆಯ ಹೆಸರೂ ಹೊಳೆಯ ಹೆಸರೂ ಒಂದೇ ಆಯಿತು. ಬಸವನಗುಡಿಯವನು ನಾನೆಂದು ಹೇಳಿಕೊಳ್ಳುವುದಕ್ಕೆ ಹೆಮ್ಮೆಪಡುವವರು ಲಕ್ಷ ಜನ ಇದ್ದಾರು. ವೃಷಭಾವತಿಯ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುತ್ತೇವೆ. ಕೊಳವೆಯಲ್ಲಿ ಮೇಲಕ್ಕೆ ಬಂದ ನೀರು ಮನೆಮನೆಯ ಬಚ್ಚಲನ್ನು ಹಾದು ಕೆಳಕ್ಕೆ ಹೋಗಲೇಬೇಕಲ್ಲ. ಅದರ ಪಾಲಿಗೆ ಬಂದದ್ದು ಈ ಹೊಳೆಯ ದಾರಿ.

ಇನ್ನು ಇಳಿಜಾರು. ತುಳಿಯುವುದೇ ಬೇಡ, ಬ್ರೇಕಿನ ಮೇಲೆ ಕೈಯಿದ್ದರೆ ಸಾಕು. ಗವಿಪುರದಲ್ಲಿ ಗಂಗಾಧರೇಶ್ವರನ ಗವಿ ಸಿಕ್ಕುತ್ತದೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ತೂರಿ ಲಿಂಗವನ್ನು ಮುಟ್ಟುವುದು ಇಲ್ಲಿಯೇ. ಇನ್ನೂ ಕೆಳಗೆ ಕೆಂಪಾಂಬುಧಿ. ಅದರ ಬಳಿಯ ದಿಣ್ಣೆಯ ಮೇಲೆ, ಲಾಲ್‌ಬಾಗಿನಲ್ಲಿ ನೋಡಿದಂಥದೇ ಗೋಪುರ. ಸುತ್ತಲೂ ಉದ್ಯಾನ ಮಾಡಿ ನಡೆಯುವವರಿಗೆ ಹಾದಿ ಹಾಕಿದ್ದಾರೆ. ಕೊಳಚೆ ಬಂದು ಸೇರಿ ಈ ಕೆರೆ ಪಟ್ಟ ಪಾಡು ಸಣ್ಣದಲ್ಲ. ಆದರೂ ಅಕ್ಕತಂಗಿಯರಂತಿದ್ದ ಧರ್ಮಾಂಬುಧಿ, ಸಂಪಂಗಿಗಳಿಗೆ ಇಲ್ಲದ ಭಾಗ್ಯ ಇದಕ್ಕುಂಟು: ಮಳೆಗಾಲದಲ್ಲಿ ಇದರಲ್ಲಿ ಇನ್ನೂ ಗೋಪುರದ ಕಡೆಯ ಆಕಾಶ ಕಾಣುತ್ತದೆ.

ಆ ದಿನ ಹುಡುಗರು ಇಲ್ಲಿ ಒಂದು ಗಂಟೆ ಕುಳಿತು, ತಂದಿದ್ದ ಚಿತ್ರಾನ್ನ ತಿಂದು, ಹಿಂದಕ್ಕೆ ಹೊರಟರು. ಇಳಿದದ್ದನ್ನೆಲ್ಲ ಈಗ ಏರಬೇಕು. ಹತ್ತು ಹೆಜ್ಜೆ ತುಳಿದು ಒಬ್ಬೊಬ್ಬರಾಗಿ ಇಳಿದರು. ನಾನಂತೂ ಎಲ್ಲರಿಗಿಂತ ಮೊದಲೇ ಇಳಿದಿದ್ದೆ. ಬಂಡೆಯ ಮೇಲೆ ಪ್ರಶ್ನೆ ಕೇಳಿದ್ದ ಹುಡುಗ ಹ್ಯಾಂಡಲ್ಲಿನ ಮೇಲೆ ಒರಗಿಕೊಂಡು ಬೈಸಿಕಲ್ಲನ್ನು ನೂಕುತ್ತಿದ್ದ. ಅರ್ಧ ಏರಿನಲ್ಲಿ ನಿಂತು ಬೆವರೊರೆಸಿಕೊಂಡು ಹಿಂದಕ್ಕೆ ತಿರುಗಿ ಕೆರೆಯ ಕಡೆ ನೋಡಿದ.

"ಗೊತ್ತಾಯ್ತು ಸಾರ್," ಎಂದ. "ದಿನಾ ಬಿಂದಿಗೆ ಹೊತ್ತುಕೊಂಡು ಈ ಏರು ಹತ್ತೋರು ಯಾರು?"