ಎರೆ

ಎರೆ: ಹಲವು ಅರ್ಥಗಳುಳ್ಳ ಕನ್ನಡ ಪದ, ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಯರಿ. ನಾಮಪದವಾಗಿ ಕಪ್ಪು ಮಣ್ಣು, ಮೀನಿನ ಗಾಳಕ್ಕೆ ಸಿಕ್ಕಿಸುವ ಆಹಾರ, ಒಡೆಯ. ಕ್ರಿಯಾಪದವಾಗಿ ಸುರಿ, ಬೇಡು. ವಿಜಯಪುರ ಜಿಲ್ಲೆಯಲ್ಲಿ ಮಾತ್ರ ಮಣ್ಣಿನ ಅರ್ಥವೇ ಮುಂದು.

ತಿಕೋಟಾ ತಾಲೂಕಿನ ಬಿಜ್ಜರಗಿ ಸೀಮೆಯಲ್ಲಿ ಹೊಲದ ಮಾತು ಬಂದರೆ ಅದು ಯರಿಯೋ ಮಡ್ಡಿಯೋ ಎಂಬುದು ಮೊದಲು ಇತ್ಯರ್ಥವಾಗಬೇಕು. ಮಡ್ಡಿ ಎಂದರೆ ಕಲ್ಲು ಬೆರೆತ ತೆಳು ಮಣ್ಣಿನ ಎತ್ತರದ ನೆಲ. ಯರಿ ದಖ್ಖನ್ನಿನ ಕಪ್ಪು ಶಿಲೆ ಕರಗಿ ಆದ ಜಿಗುಟು ಮಣ್ಣು. ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಈ ನಾಡಿನಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವುದು ಮಣ್ಣು ಹಿಡಿದಿಟ್ಟ ಆ ಹಸಿಯ ಮೇಲೆಯೇ. ಬಿತ್ತಿದ ಮೇಲೆ ಮಳೆ ಬಾರದಿದ್ದರೂ ತೆನೆ ಕಟ್ಟುವುದುಂಟು. ಡೋಣಿ ನದಿಯ ಬಯಲು ಇದಕ್ಕೆ ಹೆಸರುವಾಸಿ. ಡೋಣಿ ಸೀಮೆ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಹುಟ್ಟಿದ್ದು ಅಲ್ಲಿ. ಮಳೆನೀರು ಹರಿದುಹೋಗದಂತೆ ಹೊಲದಲ್ಲಿ ಚೌಕುಮಡಿ ಹಾಕುವುದು ಯರಿ ಬೇಸಾಯದ ಮುಖ್ಯ ಕೆಲಸ. ದ್ರಾಕ್ಷಿಯ ಲೆಕ್ಕವೇ ಬೇರೆ. ನೀರು ಬಸಿಯದ ಆಳದ ಯರಿ ಅದರ ಬೇರಿಗೆ ಒಗ್ಗದು, ಹಾಗಾಗಿ ತಿಕೋಟಾ ಭಾಗದ ದ್ರಾಕ್ಷಿ ಪಡಗಳಿಗೆ ಮಡ್ಡಿಯೇ ಮೇಲು. ಇಲ್ಲಿ ‘ಒಳ್ಳೆ ಹೊಲ’ ಯಾವುದು ಎಂದು ಕೇಳುವವರು ಬೆಳೆಯನ್ನೂ ಹೇಳಬೇಕು.

ಮಣ್ಣಿನ ಅರ್ಥದ ಎರೆ ಒಂದು ಹಕ್ಕಿಯ ಹೆಸರಿನಲ್ಲೂ ಇದೆ. ಎರೆಭೂತ ಹುಲ್ಲುಗಾವಲಿನ ದೊಡ್ಡ ಹಕ್ಕಿ. ದೊರವಾಯನ ಹಕ್ಕಿ ಎಂದೂ ಹೆಸರು. ರಾಜ್ಯದಲ್ಲಿ ಅದರ ಕೊನೆಯ ನೆಲೆಗಳಲ್ಲೊಂದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸುತ್ತಿನ ಎರೆ ಬಯಲು.

ಸುರಿಯುವ ಅರ್ಥದ ಎರೆ ಮನೆಮಾತಿನಲ್ಲಿ ಇನ್ನೂ ಗಟ್ಟಿಯಾಗಿದೆ. ತಲೆಸ್ನಾನಕ್ಕೆ ಇಲ್ಲಿಯವರು ‘ತಲಿ ಎರಕೊಳ್ಳೋದು’ ಎನ್ನುತ್ತಾರೆ, ನಾಗರಪಂಚಮಿಗೆ ಹಾಲೆರೆಯುತ್ತಾರೆ, ಮದುವೆಯಲ್ಲಿ ಧಾರೆ ಎರೆಯುತ್ತಾರೆ. ಹಿಂದೆ ಭೂಮಿಯನ್ನು ದಾನ ಕೊಡುವಾಗಲೂ ನೀರೆರೆಯುತ್ತಿದ್ದರು, ಶಾಸನಗಳ ‘ಧಾರಾಪೂರ್ವಕ’ ಅದೇ. ಕಾಯಿಸಿದ ಲೋಹವನ್ನು ಅಚ್ಚಿಗೆ ಎರೆದರೆ ಎರಕ. ಅದರ ಭಾರಿ ಮಾದರಿ ವಿಜಯಪುರದ ಕೋಟೆಯ ಮೇಲೆಯೇ ಇದೆ: 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು.

ಒಡೆಯ ಮತ್ತು ಬೇಡು ಎಂಬ ಅರ್ಥಗಳು ಈಗ ಹಳೆಯ ಕಾವ್ಯ, ಶಾಸನಗಳಿಗೆ ಸೀಮಿತ. ಬೇಡುವವನ ಕೆಲಸಕ್ಕೂ ಕೊಡುವ ದೊರೆಗೂ ಒಂದೇ ಪದವಿತ್ತೇ ಎಂದು ಬೆರಗಾಗಬೇಕಿಲ್ಲ. ದೊರೆ ಎಂಬ ಅರ್ಥದ ಎಱೆಯಲ್ಲಿದ್ದದ್ದು ಹಳಗನ್ನಡದ ಶಕಟರೇಫ ‘ಱ’. ಬೇಡುವ ಎರೆಯಲ್ಲಿ ಸಾಮಾನ್ಯ ‘ರ’. ಶಕಟರೇಫ ಬಳಕೆ ತಪ್ಪಿದ ಮೇಲೆ ಎರಡೂ ಒಂದಾಗಿ ಕಂಡವು. ಗಂಗರ ಎಱೆಯಪ್ಪ, ಹೊಯ್ಸಳ ವಿಷ್ಣುವರ್ಧನನ ತಂದೆ ಎಱೆಯಂಗ, ಇವರ ಹೆಸರುಗಳಲ್ಲಿರುವುದು ದೊರೆತನ, ಮಣ್ಣಲ್ಲ.

ಎರೆಹುಳುವಿನ ಹೆಸರೂ ಕಪ್ಪು ಮಣ್ಣಿನಿಂದಲೇ ಬಂತೆಂದು ಹಲವರು ತಿಳಿಯುತ್ತಾರೆ. ಗಾಳದ ಎರೆಯ ಜೊತೆ ಅದನ್ನು ಇಡುವುದೇ ಹೆಚ್ಚು ಸರಿ. ತಮಿಳಿನ ‘ಇರೈ’ಗೂ ತಿನಿಸು, ಗಾಳದ ಆಹಾರ ಎಂಬ ಅರ್ಥಗಳಿವೆ. ಈಗ ಎರೆಗೊಬ್ಬರದ ತೊಟ್ಟಿಗಳಲ್ಲಿ ಸಾಕುವ ಹುಳು ಹೆಚ್ಚಾಗಿ ಐಸೀನಿಯಾ ಫೆಟಿಡಾ. ಅದು ಹೊರಗಿನಿಂದ ಬಂದ ಜಾತಿ. ಆಳದ ಮಣ್ಣಿಗಿಳಿಯದೆ ಮೇಲಿನ ಸಗಣಿ, ಕಸದಲ್ಲೇ ಬದುಕುತ್ತದೆ.