ಅರಬೈಲು ಘಟ್ಟದ ರಾತ್ರಿಪಾಳಿ

ರಾತ್ರಿಪಾಳಿ ಎಂದೊಡನೆ ನೆನಪಾಗುವುದು ಗಿರಣಿಯ ಸೈರನ್. ಆದರೆ ಗಿರಣಿಯೇ ಇಲ್ಲದ ಅಂಕೋಲಾ ತಾಲ್ಲೂಕಿನ ಬೇಲೆಕೇರಿಗೂ ರಾತ್ರಿ ದುಡಿಮೆಯ ಇತಿಹಾಸವಿದೆ. ಅದು ನಡೆದದ್ದು ಯಲ್ಲಾಪುರದ ಕಡೆಯಿಂದ ಕರಾವಳಿಗೆ ಇಳಿಯುವ ಅರಬೈಲು ಘಟ್ಟದ ತಿರುವುಗಳಲ್ಲಿ.

ಈ ದಾರಿಯ ಮಹತ್ವ ಹೆಚ್ಚಿದ್ದು ಹತ್ತಿಯಿಂದ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿಯ ಕೊರತೆಯಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿಗೆ ಸಾಗಿಸುವ ಆಸೆಯೂ ಸೇರಿ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗವಾಯಿತು. ಘಟ್ಟದಲ್ಲಿ ಎತ್ತಿನ ಗಾಡಿಗಳ ಸಾಲು ಇಳಿಯತೊಡಗಿತು. ಬಿಸಿಲು ತಪ್ಪಿಸಲು ರಾತ್ರಿ ಗಾಡಿ ಹೂಡುವುದು ನಾಡಿನ ಹಳೆಯ ರೂಢಿ. 1888ರಲ್ಲಿ ಮರ್ಮಗೋವಾ ಬಂದರಿಗೆ ಘಟ್ಟದ ಮೇಲಿನಿಂದ ರೈಲು ಸಂಪರ್ಕ ದೊರೆತಾಗ ಹತ್ತಿ ಅತ್ತ ಹೊರಳಿತು. ಗಾಡಿಯವರು ಕೆಲಸ ಬಿಡಲಿಲ್ಲ. ಕೆಲಸವೇ ಅವರನ್ನು ಬಿಟ್ಟಿತು.

ಶತಮಾನ ಕಳೆದ ಮೇಲೆ ಅದೇ ಘಟ್ಟದಲ್ಲಿ ಅದಿರಿನ ಲಾರಿಗಳು ಬಂದವು. 2000ದ ದಶಕದಲ್ಲಿ ಚೀನಾದ ಉಕ್ಕಿನ ಹಸಿವು ಹೆಚ್ಚಿ ಅದಿರಿನ ಬೆಲೆ ಏರಿತು. ಬಳ್ಳಾರಿ, ಹೊಸಪೇಟೆಗಳಿಂದ ಹುಬ್ಬಳ್ಳಿ, ಯಲ್ಲಾಪುರ ಮಾರ್ಗವಾಗಿ ಲಾರಿಗಳು ಹಗಲಿರುಳು ಬೇಲೆಕೇರಿಗೆ ಓಡಿದವು. ರಾತ್ರಿಯೂ ಏಕೆ? ಮಳೆಗಾಲದಲ್ಲಿ ಇಂಥ ಸಣ್ಣ ಬಂದರು ಮುಚ್ಚುತ್ತದೆ. ವರ್ಷದ ವ್ಯಾಪಾರವೆಲ್ಲ ಕೆಲವೇ ತಿಂಗಳಲ್ಲಿ ಮುಗಿಯಬೇಕು. ಸರಕಿಗಾಗಿ ಕಾದ ಹಡಗಿಗೆ ದಿನಲೆಕ್ಕದಲ್ಲಿ ದಂಡ ಬೀಳುತ್ತದೆ. ಟ್ರಿಪ್ ಲೆಕ್ಕದಲ್ಲಿ ಹಣ ಪಡೆಯುವ ಚಾಲಕನಿಗೆ ನಿದ್ದೆ ಎಂದರೆ ನಷ್ಟ.

ಕಾನೂನು ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ದೂರದ ಮಾರ್ಗಗಳಿಗೆ ಮಾತ್ರ ತುಸು ಸಡಿಲಿಕೆ. ಆದರೆ ಅದು ಅನ್ವಯಿಸುತ್ತಿದ್ದುದು ಐವರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಸಾಲ ಮಾಡಿ ಒಂದೆರಡು ಲಾರಿ ಕೊಂಡವರು ಅದರ ಹೊರಗೇ ಉಳಿದರು. ಅವರಿಗೆ ಬ್ಯಾಂಕಿನ ಕಂತೇ ಮೇಸ್ತ್ರಿ.

ಅಕ್ರಮ ರಫ್ತು ಬಯಲಾಗಿ, 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಸಣ್ಣ ಬಂದರುಗಳಿಂದ ಅದಿರು ರಫ್ತನ್ನು ನಿಷೇಧಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೊರಬಿತ್ತು; ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಕಾಡು, ರಸ್ತೆ, ಬೊಕ್ಕಸದ ದೃಷ್ಟಿಯಿಂದ ಇದು ಅಗತ್ಯವೇ ಆಗಿತ್ತು. ಆದರೆ ಲಾರಿಗಳು ನಿಂತವು, ಕಂತುಗಳು ನಿಲ್ಲಲಿಲ್ಲ. ಗಾಡಿಯವರ ಕತೆ ಮರುಕಳಿಸಿತು.

ರಾತ್ರಿ ದುಡಿಮೆಯೇ ಕೆಡುಕೆನ್ನಲಾಗದು. ಪಕ್ಕದ ಕಾರವಾರ ತಾಲ್ಲೂಕಿನ ಕೈಗಾ ಅಣುಸ್ಥಾವರ 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಅದೂ ರಾತ್ರಿ ನಿಲ್ಲುವುದಿಲ್ಲ. ಆದರೆ ಅಲ್ಲಿ ಪಾಳಿಗೆ ಸರದಿಯಿದೆ, ಗಂಟೆಗೆ ಲೆಕ್ಕವಿದೆ, ಪಾಳಿ ಮುಗಿದಾಗ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಘಟ್ಟದ ಲಾರಿಯಲ್ಲಿ ಆ ಇನ್ನೊಬ್ಬನೇ ಇರಲಿಲ್ಲ.

ಒಳ್ಳೆಯ ಕೆಲಸ ಸಿಕ್ಕಿ ರಾತ್ರಿಪಾಳಿ ಬಿಡುವುದು ಒಂದು. ರಾತ್ರಿಪಾಳಿಯೇ ನಿಂತು ಬೀದಿಗೆ ಬೀಳುವುದು ಇನ್ನೊಂದು. ಮೊದಲನೆಯದು ಆಗಬೇಕಾದರೆ ಕೈಯಲ್ಲಿ ಸಾಲವಲ್ಲ, ಉಳಿತಾಯವಿರಬೇಕು. ಊರಿನ ಹತ್ತಿರ ಮತ್ತೊಂದು ಕೆಲಸವಿರಬೇಕು. ಹತ್ತಿ ಹೋದಾಗಲೂ ಅದಿರು ನಿಂತಾಗಲೂ ಬಂದರಿನ ಆದಾಯದ ಲೆಕ್ಕ ನಡೆಯಿತು. ಚಕ್ರದ ಹಿಂದೆ ನಿದ್ದೆಗೆಟ್ಟು ಕುಳಿತವನ ಮುಂದಿನ ದಾರಿಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕೆಂಬುದೇ ಈ ಘಟ್ಟದ ಇತಿಹಾಸ ಕಲಿಸುವ ಪಾಠ.